ಚಿತ್ರತುರಗದ ಕಡಿವಾಣ: ಮೋಟಾರು ಪಂದ್ಯದ ಸಿಮ್ಯುಲೇಟರುಗಳೂ ಸ್ಟಿಯರಿಂಗ್ ಚಕ್ರವೂ

1

ರಂಗದ ಮೇಲೆ ನಟನನ್ನು ಕಂಡ ಪ್ರೇಕ್ಷಕನಲ್ಲಿ ಉಂಟಾಗುವ ಪ್ರತೀತಿ ಯಾವ ಬಗೆಯದು ಎಂಬ ಪ್ರಶ್ನೆಗೆ ಶ್ರೀಶಂಕುಕನು ಕೊಟ್ಟ ಉತ್ತರ ಕಾವ್ಯಮೀಮಾಂಸೆಯ ವಿದ್ಯಾರ್ಥಿಗಳಿಗೆ ಪರಿಚಿತವಾದುದು. ಚಿತ್ರದಲ್ಲಿ ಬರೆದ ಕುದುರೆಯನ್ನು ಕಂಡು ನಾವು ‘ಇದು ಕುದುರೆ’ ಎನ್ನುತ್ತೇವೆ. ಆ ಮಾತು ಯಥಾರ್ಥಜ್ಞಾನವಲ್ಲ; ಭ್ರಾಂತಿಯೂ ಅಲ್ಲ; ಸಂಶಯವೂ ಅಲ್ಲ; ‘ಕುದುರೆಯಂತಿದೆ’ ಎಂಬ ಸಾದೃಶ್ಯಬುದ್ಧಿಯೂ ಅಲ್ಲ. ಈ ನಾಲ್ಕಕ್ಕೂ ಹೊರತಾದ ಒಂದು ಪ್ರತೀತಿ ಅದು. ನಟನಲ್ಲಿ ರಾಮನನ್ನು ಕಾಣುವುದೂ ಹೀಗೆಯೇ ಎಂಬುದು ಶಂಕುಕನ ಮತ. ನಟನು ತೋರುವ ಚಿಹ್ನೆಗಳನ್ನೇ ಲಿಂಗವಾಗಿ ಹಿಡಿದು, ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ, ಪ್ರೇಕ್ಷಕನು ಸ್ಥಾಯಿಯನ್ನು ಊಹಿಸುತ್ತಾನೆ. ಅಭಿನವಗುಪ್ತನ ಗುರುವಾದ ಭಟ್ಟತೌತನು ಈ ವಾದವನ್ನು ಖಂಡಿಸುತ್ತ ಕೇಳಿದ ಪ್ರಶ್ನೆ ಮರ್ಮಸ್ಪರ್ಶಿಯಾದುದು: ‘ಅನುಕರಣ’ವೆಂದು ಹೇಳುವುದು ಯಾರ ದೃಷ್ಟಿಯಿಂದ? ಪ್ರೇಕ್ಷಕನದೇ, ನಟನದೇ, ಅಥವಾ ಹೊರಗೆ ನಿಂತು ವಿಚಾರಮಾಡುವವನದೇ?

ಚಿತ್ರದ ಕುದುರೆಯನ್ನು ನೋಡಬಹುದಾಗಿತ್ತೇ ಹೊರತು ಏರಬಹುದಾಗಿರಲಿಲ್ಲ. ನಮ್ಮ ಕಾಲದಲ್ಲಿ, ನೋಡುವವನನ್ನು ಏರೆಂದು ಕರೆಯುವ ಚಿತ್ರತುರಗವೊಂದು ಹುಟ್ಟಿದೆ. ಮನೆಯ ಟೆಲಿವಿಷನ್ನಿಗೆ ಜೋಡಿಸುವ ಕನ್ಸೋಲ್ ಯಂತ್ರಗಳಲ್ಲಿ ಆಡುವ ಮೋಟಾರು ಪಂದ್ಯದ ಸಿಮ್ಯುಲೇಟರ್ ಅದು. ಇದರಲ್ಲಿ ನಟನೂ ಪ್ರೇಕ್ಷಕನೂ ಒಬ್ಬನೇ. ಆಡುವವನೇ ಕಾರನ್ನು ನಡೆಸುತ್ತಾನೆ. ನಡೆಸಿದುದರ ಫಲವನ್ನು ನೋಡಿ ಸವಿಯುವವನೂ ಅವನೇ. ಹೀಗಿರಲಾಗಿ ತೌತನ ಪ್ರಶ್ನೆ ಇಲ್ಲಿ ಹೊಸ ರೂಪ ತಾಳುತ್ತದೆ. ಈ ಅನುಕರಣದ ಗುಣದೋಷಗಳನ್ನು ಕಣ್ಣಿನಿಂದ ತೂಗಬೇಕೆ, ಕೈಯಿಂದ ತೂಗಬೇಕೆ? ಕೈಯಿಂದಲೇ ಎಂದಾದರೆ, ಆ ಕೈಯಲ್ಲಿ ಏನಿರಬೇಕು?

ಆಟದ ವಸ್ತುವನ್ನು ಕುರಿತು ಇಷ್ಟು ಗಂಭೀರವಾದ ಚರ್ಚೆ ಉಚಿತವೆ ಎಂದು ಕೆಲವರಿಗೆ ತೋರಬಹುದು. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ತಮ್ಮ ಬಿಡುವಿನ ವೇಳೆಯನ್ನು ಕಳೆಯುವುದು ಇಂಥ ಕೃತಿಗಳೊಡನೆಯೇ. ಅವರು ಅಲ್ಲಿ ಕಾಣುವುದನ್ನು ವಿವೇಚಿಸುವ ಮಾತುಗಳನ್ನು ಅವರಿಗೆ ಕೊಡದೆ, ವಿವೇಚನೆಯಿಲ್ಲವೆಂದು ಅವರನ್ನು ದೂರುವುದು ನ್ಯಾಯವಲ್ಲ.

2

ಕನ್ಸೋಲ್ ಸಿಮ್ಯುಲೇಟರುಗಳಲ್ಲಿ ಎರಡು ಪರಂಪರೆಗಳು ಪ್ರಮುಖವಾದುವು. ಮೊದಲನೆಯದು ಜಪಾನಿನ ಕಝುನೋರಿ ಯಮಾವುಚಿ ಅವರ ನೇತೃತ್ವದಲ್ಲಿ ಸೋನಿ ಸಂಸ್ಥೆಯ ಪ್ಲೇಸ್ಟೇಷನ್ ಯಂತ್ರಕ್ಕಾಗಿ ರಚಿತವಾಗಿ, 1997ರ ಡಿಸೆಂಬರಿನಲ್ಲಿ ಹೊರಬಂದ ‘ಗ್ರಾನ್ ಟುರಿಸ್ಮೊ’. ಎರಡನೆಯದು ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸ್‌ಬಾಕ್ಸ್ ಯಂತ್ರಕ್ಕಾಗಿ ಟರ್ನ್ 10 ಸ್ಟುಡಿಯೋಸ್ ರಚಿಸಿ, 2005ರಲ್ಲಿ ಪ್ರಕಟವಾದ ‘ಫೋರ್ಝಾ ಮೋಟರ್‌ಸ್ಪೋರ್ಟ್’. ಇವೆರಡೂ ಮುಂದೆ ಹಲವು ಸಂಪುಟಗಳಾಗಿ ಬೆಳೆದು, ಮೊದಲನೆಯದು 2022ರಲ್ಲಿ ‘ಗ್ರಾನ್ ಟುರಿಸ್ಮೊ 7’ ಆಗಿಯೂ ಎರಡನೆಯದು 2023ರಲ್ಲಿ ಮೂಲದ ಹೆಸರಿನಿಂದಲೇ ಹೊಸ ‘ಫೋರ್ಝಾ ಮೋಟರ್‌ಸ್ಪೋರ್ಟ್’ ಆಗಿಯೂ ಬಂದುವು.

ಹೋಲಿಕೆಗೆ ಒಂದು ಸಮಾನವಾದ ನೆಲೆ ಬೇಕು. ಅದು ಅಕ್ಷರಶಃ ದೊರೆಯುತ್ತದೆ. ಜರ್ಮನಿಯ ನ್ಯೂರ್‌ಬರ್ಗ್‌ರಿಂಗಿನ ಉತ್ತರದ ಸುತ್ತು, ಸುಮಾರು 20.8 ಕಿಲೋಮೀಟರ್ ಉದ್ದದ ಗುಡ್ಡಗಾಡಿನ ಹಾದಿ, 2004ರ ‘ಗ್ರಾನ್ ಟುರಿಸ್ಮೊ 4’ರಲ್ಲಿಯೂ ಇದೆ, 2005ರ ‘ಫೋರ್ಝಾ’ದಲ್ಲಿಯೂ ಇದೆ. ಒಂದೇ ಕಥಾವಸ್ತುವನ್ನು ಇಬ್ಬರು ಕವಿಗಳು ಎತ್ತಿಕೊಂಡಾಗ ಅವರವರ ಮನೋಧರ್ಮ ಬೇರೆಬೇರೆಯಾಗಿ ಹೊಳೆಯುವಂತೆ, ಈ ಒಂದೇ ರಸ್ತೆಯಲ್ಲಿ ಎರಡು ಕೃತಿಗಳ ಸ್ವಭಾವ ಬೇರೆಯಾಗಿ ಪ್ರಕಟವಾಗುತ್ತದೆ.

‘ಗ್ರಾನ್ ಟುರಿಸ್ಮೊ’ದ ಸ್ವಭಾವ ಗುರುಕುಲದ್ದು. ಆಟಗಾರನು ಲೈಸೆನ್ಸ್ ಪರೀಕ್ಷೆಗಳನ್ನು ಎದುರಿಸಬೇಕು. ಒಂದು ತಿರುವು, ಒಂದು ಬ್ರೇಕು, ಒಂದು ಕಾಲಮಿತಿ. ತಪ್ಪಿದರೆ ಮೊದಲಿನಿಂದ ಮತ್ತೊಮ್ಮೆ. ‘ಫೋರ್ಝಾ’ದ ಸ್ವಭಾವ ಸ್ನೇಹಿತನದು. ಮೊದಲ ಸಂಪುಟದಿಂದಲೇ ಅಪಘಾತದಲ್ಲಿ ಕಾರು ಜಖಂಗೊಳ್ಳುವುದನ್ನು ಅದು ತೋರಿಸಿತು; ತಪ್ಪಿಗೆ ಬೆಲೆಯುಂಟೆಂದು ಹೇಳಿತು. ಆದರೆ 2009ರ ಮೂರನೆಯ ಸಂಪುಟದಲ್ಲಿ, ಒಂದು ಗುಂಡಿಯನ್ನು ಒತ್ತಿದರೆ ಕಾಲವೇ ಹಿಂದಕ್ಕೆ ಸರಿದು, ತಪ್ಪು ನಡೆಯದಂತೆಯೇ ಆಗುವ ಸೌಕರ್ಯವನ್ನು ಕಲ್ಪಿಸಿತು. ಹೊಸಬನಿಗೆ ಇದು ದೊಡ್ಡ ಉಪಕಾರ. ಇಪ್ಪತ್ತು ಕಿಲೋಮೀಟರಿನ ಹಾದಿಯಲ್ಲಿ ಹತ್ತೊಂಬತ್ತನೆಯದರಲ್ಲಿ ಜಾರಿದವನು ಮೊದಲಿನಿಂದ ಬರಬೇಕಾಗಿಲ್ಲ. ಆದರೂ ಅಳಿಸಬಹುದಾದ ತಪ್ಪು ಮನಸ್ಸಿನಲ್ಲಿ ಆಳವಾಗಿ ಉಳಿಯುವುದಿಲ್ಲ ಎಂಬುದನ್ನು ಒಪ್ಪಬೇಕು.

ವಿಮರ್ಶಕರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತಾರೆ. ಕಾರುಗಳ ಸಂಖ್ಯೆ, ಚಿತ್ರಗಳ ಸೊಗಸು, ಎಂಜಿನ್ನಿನ ಧ್ವನಿ ಇವುಗಳನ್ನು ಪಟ್ಟಿಮಾಡಿ ತೀರ್ಪು ಕೊಡುತ್ತಾರೆ. ಕಾರಿನ ನಡತೆಯನ್ನು ಕುರಿತ ಮಾತು ಬಂದಾಗ ‘ಸಹಜವಾಗಿದೆ’, ‘ಕೃತಕವಾಗಿದೆ’ ಎನ್ನುತ್ತಾರೆ. ಆದರೆ ಆ ನಡತೆಯನ್ನು ತಾವು ಯಾವ ಉಪಕರಣದ ಮೂಲಕ ಅರಿತರೆಂಬುದನ್ನು ಹೇಳುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಇದು ಸಣ್ಣ ಲೋಪವಲ್ಲ.

3

ಉಪಕರಣಗಳು ಮುಖ್ಯವಾಗಿ ಮೂರು ಬಗೆಯಾಗಿವೆ.

ಮೊದಲನೆಯದು ಯಂತ್ರದೊಡನೆಯೇ ಬರುವ ಗೇಮ್‌ಪ್ಯಾಡ್. ಎರಡು ಅಂಗೈಗಳಲ್ಲಿ ಹಿಡಿದು, ಹೆಬ್ಬೆರಳಿನಿಂದ ಒಂದು ಪುಟ್ಟ ಸ್ಟಿಕ್ಕನ್ನು ವಾಲಿಸಿ ಕಾರನ್ನು ತಿರುಗಿಸಬೇಕು. ಬೆರಳ ಈ ಅತ್ಯಲ್ಪ ಚಲನೆಯಲ್ಲಿ ಸ್ಟಿಯರಿಂಗಿನ ಪೂರ್ಣ ತಿರುವು ಅಡಗಬೇಕು. ಬೆರಳಿನ ಅವಸರವನ್ನು ಹಾಗೆಯೇ ಗಾಲಿಗಳಿಗೆ ಒಪ್ಪಿಸಿದರೆ ಕಾರು ಒಡನೆಯೇ ರಸ್ತೆ ಬಿಡುತ್ತದೆ. ಆದಕಾರಣ ನಡುವೆ ಒಬ್ಬ ಮಧ್ಯಸ್ಥನಿದ್ದಾನೆ. ಬೆರಳಿನ ಆಜ್ಞೆಯನ್ನು ಮೃದುಗೊಳಿಸಿ, ವೇಗಕ್ಕೆ ತಕ್ಕಂತೆ ಕುಗ್ಗಿಸಿ, ಅನಂತರ ಕಾರಿಗೆ ತಲಪಿಸುವ ಲೆಕ್ಕಾಚಾರವೇ ಆ ಮಧ್ಯಸ್ಥ. ಇದು ಗುಟ್ಟಿನ ಸಂಗತಿಯೇನಲ್ಲ. 2011ರ ‘ಫೋರ್ಝಾ ಮೋಟರ್‌ಸ್ಪೋರ್ಟ್ 4’ರಲ್ಲಿ ‘ಸಾಧಾರಣ’ ಸ್ಟಿಯರಿಂಗ್, ‘ಸಿಮ್ಯುಲೇಷನ್’ ಸ್ಟಿಯರಿಂಗ್ ಎಂದು ಆಯ್ಕೆಯನ್ನೇ ಕೊಟ್ಟು, ಸಹಾಯ ಯಾವುದರಲ್ಲಿ ಹೆಚ್ಚು, ಯಾವುದರಲ್ಲಿ ಕಡಿಮೆ ಎಂಬುದನ್ನು ಬಯಲಿಗೆ ಇಟ್ಟಿದ್ದಾರೆ. ‘ಗ್ರಾನ್ ಟುರಿಸ್ಮೊ’ದ ಈಚಿನ ಸಂಪುಟಗಳಲ್ಲಿಯೂ, ಜಾರುವ ಕಾರನ್ನು ಎದುರು ದಿಕ್ಕಿಗೆ ತಿರುಗಿಸಿ ಸರಿಪಡಿಸುವುದಕ್ಕೆ ನೆರವಾಗುವ ಏರ್ಪಾಡು ಉಂಟು. ಗೇಮ್‌ಪ್ಯಾಡ್ ಹಿಡಿದು ಎರಡು ಕೃತಿಗಳನ್ನು ತೂಗುವವನು ಬಹುಮಟ್ಟಿಗೆ ಈ ಇಬ್ಬರು ಮಧ್ಯಸ್ಥರನ್ನು ತೂಗುತ್ತಿರುತ್ತಾನೆ. ಮೂಲವನ್ನು ಓದದೆ ಎರಡು ಭಾಷಾಂತರಗಳನ್ನು ಹೋಲಿಸಿ ಇಬ್ಬರು ಕವಿಗಳ ತಾರತಮ್ಯವನ್ನು ಹೇಳಿದಂತೆ ಇದು.

ಎರಡನೆಯದು ಆಕಾರದಲ್ಲಿ ಮಾತ್ರ ಚಕ್ರವಾದುದು. 2008ರಲ್ಲಿ ನಿಂಟೆಂಡೋ ಸಂಸ್ಥೆ ‘ಮಾರಿಯೋ ಕಾರ್ಟ್ ವೀ’ಯೊಡನೆ ಕೊಟ್ಟ ಪ್ಲಾಸ್ಟಿಕ್ ಚಕ್ರವೂ, 2011ರಲ್ಲಿ ಮೈಕ್ರೋಸಾಫ್ಟ್ ಹೊರತಂದ, ಲಾಳದ ಆಕಾರದ, ಬುಡವಿಲ್ಲದ ‘ಸ್ಪೀಡ್ ವೀಲ್’ ಎಂಬುದೂ ಈ ಬಗೆಯವು. ಇವನ್ನು ಗಾಳಿಯಲ್ಲಿ ಹಿಡಿದು ತಿರುಗಿಸಬೇಕು. ಅಂಗವಿನ್ಯಾಸ ಚಾಲಕನದೇ; ಆದರೆ ಕೈಗೆ ಎದುರಾಗುವ ಬಲ ಯಾವುದೂ ಇಲ್ಲ. ವೇಷವುಂಟು, ಭಾವವಿಲ್ಲ.

ಮೂರನೆಯದು ಮೇಜಿಗೆ ಬಿಗಿದು ನಿಲ್ಲಿಸುವ, ಒಳಗೆ ಮೋಟಾರು ಇರುವ ಚಕ್ರ. ಇದರೊಡನೆ ಕಾಲಿಗೆ ಬ್ರೇಕ್, ಆಕ್ಸಿಲರೇಟರುಗಳ ಪೆಡಲುಗಳೂ ಬರುತ್ತವೆ. ‘ಗ್ರಾನ್ ಟುರಿಸ್ಮೊ 4’ರ ಕಾಲಕ್ಕೆ ಲಾಜಿಟೆಕ್ ಸಂಸ್ಥೆಯ ‘ಡ್ರೈವಿಂಗ್ ಫೋರ್ಸ್ ಪ್ರೊ’ 900 ಡಿಗ್ರಿ, ಎಂದರೆ ಎರಡೂವರೆ ಸುತ್ತು, ತಿರುಗುವ ಚಕ್ರವನ್ನು ಸಾಮಾನ್ಯ ಆಟಗಾರನ ಕೈಗೆ ತಂದಿತು; 2006ರಲ್ಲಿ ಎಕ್ಸ್‌ಬಾಕ್ಸ್ 360ಕ್ಕಾಗಿ ಬಂದ ಚಕ್ರದ ತಿರುವು 270 ಡಿಗ್ರಿಗೆ ಸೀಮಿತವಾಗಿತ್ತು. ಮುಂದೆ 2015ರ ‘ಜಿ29’ರಂತಹವು ಹಲ್ಲುಗಾಲಿಗಳ ಮೂಲಕ ಬಲವನ್ನು ಕೊಟ್ಟರೆ, 2022ರ ಫನಾಟೆಕ್ ‘ಗ್ರಾನ್ ಟುರಿಸ್ಮೊ ಡಿಡಿ ಪ್ರೊ’ದಲ್ಲಿ ಚಕ್ರವು ಮೋಟಾರಿನ ಅಚ್ಚಿಗೇ ನೇರವಾಗಿ ಕೂಡಿಕೊಂಡಿದೆ.

ಈ ಬಲದ ಅರ್ಥವೇನು? ಕಾರು ತಿರುವಿನಲ್ಲಿ ಸಾಗುವಾಗ ಟಯರು ತಾನು ಹೊರಟ ದಿಕ್ಕಿಗೆ ತುಸು ಓರೆಯಾಗಿರುತ್ತದೆ. ಆ ಓರೆಯಿಂದ ಹುಟ್ಟುವ ಪಾರ್ಶ್ವಬಲ, ಟಯರು ನೆಲವನ್ನು ಮುಟ್ಟುವ ಭಾಗದ ನಟ್ಟನಡುವೆ ಅಲ್ಲ, ಸ್ವಲ್ಪ ಹಿಂದೆ ಕೆಲಸಮಾಡುತ್ತದೆ. ಆದುದರಿಂದ ಗಾಲಿಯನ್ನು ನೇರಕ್ಕೆ ಮರಳಿಸುವ ಒಂದು ತಿರುಚುಬಲ ಉಂಟಾಗುತ್ತದೆ. ಚಾಲಕನಿಗೆ ಸ್ಟಿಯರಿಂಗ್ ಬಿಗಿಯಾಗಿ ತೋರುವುದಕ್ಕೆ ಇದು ಒಂದು ಮುಖ್ಯ ಕಾರಣ. ಟಯರು ತನ್ನ ಹಿಡಿತದ ಎಲ್ಲೆಯನ್ನು ಸಮೀಪಿಸಿದಂತೆ, ನೆಲ ಮುಟ್ಟುವ ಭಾಗದ ಹಿಂಬದಿ ಮೊದಲು ಜಾರತೊಡಗುತ್ತದೆ, ಬಲದ ಕೇಂದ್ರ ಮುಂದಕ್ಕೆ ಸರಿಯುತ್ತದೆ, ತಿರುಚುಬಲ ಇಳಿಯುತ್ತದೆ. ಗಮನಿಸಬೇಕಾದುದು ಇದು: ಪಾರ್ಶ್ವಬಲ ಇನ್ನೂ ಏರುತ್ತಿರುವಾಗಲೇ, ಎಂದರೆ ಕಾರು ಇನ್ನೂ ಹಿಡಿತದಲ್ಲಿರುವಾಗಲೇ, ಸ್ಟಿಯರಿಂಗ್ ಹಗುರವಾಗತೊಡಗುತ್ತದೆ. ಜಾರುವಿಕೆಗೆ ಮುನ್ನ ಕೈಗೆ ಮುನ್ಸೂಚನೆ ದೊರೆಯುತ್ತದೆ.

ಶಂಕುಕನ ಪರಿಭಾಷೆಯಲ್ಲಿ ಹೇಳುವುದಾದರೆ, ಚಕ್ರದ ಭಾರವು ಟಯರಿನ ಸ್ಥಿತಿಯನ್ನು ಊಹಿಸಲು ಒಂದು ಲಿಂಗ. ಗೇಮ್‌ಪ್ಯಾಡ್ ಹಿಡಿದವನಿಗೂ ಲಿಂಗಗಳಿಲ್ಲದೆ ಇಲ್ಲ. ಟಯರಿನ ಕಿರುಚು, ಕಾರಿನ ಮೂಗು ಓರೆಯಾಗುವ ದೃಶ್ಯ, ಅಂಗೈಯಲ್ಲಿ ಕಂಪನ ಇವೆ. ಆದರೆ ಕಾರಿನ ಓರೆಯನ್ನು ಕಣ್ಣು ಕಾಣುವಷ್ಟರಲ್ಲಿ ಅದು ಸಂಭವಿಸಿಬಿಟ್ಟಿರುತ್ತದೆ. ಕಂಪನವು ಏನೋ ನಡೆಯಿತೆಂದು ಹೇಳುತ್ತದೆಯೇ ಹೊರತು ಯಾವ ದಿಕ್ಕಿನಲ್ಲಿ, ಎಷ್ಟು ಎಂದು ಹೇಳಲಾರದು. ದಿಕ್ಕನ್ನೂ ಪ್ರಮಾಣವನ್ನೂ ಒಟ್ಟಿಗೆ, ಅದೂ ಮೊದಲೇ, ತಿಳಿಸುವ ಲಿಂಗ ಚಕ್ರವೊಂದೇ. 2007ರ ‘ಫೋರ್ಝಾ ಮೋಟರ್‌ಸ್ಪೋರ್ಟ್ 2’ ಕಾರಿನ ಬಲಾಬಲಗಳನ್ನು ಸೆಕೆಂಡಿಗೆ 360 ಸಲ ಲೆಕ್ಕಮಾಡುತ್ತಿತ್ತು. ಅದರ ಚಿತ್ರವಾದರೋ ಸೆಕೆಂಡಿಗೆ 60 ಸಲ ಮಾತ್ರ ಬದಲಾಗುತ್ತಿತ್ತು. ಕೃತಿಕಾರರು ಬರೆದುದರಲ್ಲಿ ಬಹುಪಾಲು ಕಣ್ಣಿಗಾಗಿ ಬರೆದುದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

4

ಈಗ ಆಕ್ಷೇಪಗಳನ್ನು ನೋಡೋಣ.

ಗೇಮ್‌ಪ್ಯಾಡಿನಿಂದಲೂ ಅಷ್ಟೇ ವೇಗವಾಗಿ ಸುತ್ತನ್ನು ಮುಗಿಸುವವರಿದ್ದಾರೆ; ಆದುದರಿಂದ ಚಕ್ರ ವ್ಯರ್ಥ ಎಂಬುದು ಮೊದಲನೆಯದು. ಸಂಗತಿ ನಿಜವೇ. ಆದರೆ ಅದರಿಂದ ಈ ತೀರ್ಮಾನ ಹೊರಡುವುದಿಲ್ಲ. ಕಾವ್ಯವನ್ನು ಬೇಗ ಓದಿ ಮುಗಿಸಿದವನು ಚೆನ್ನಾಗಿ ಓದಿದನೆಂದು ನಾವು ಹೇಳುವುದಿಲ್ಲ. ಚಕ್ರದ ಪ್ರಯೋಜನವನ್ನು ವೇಗದಲ್ಲಿ ಹುಡುಕುವವರು, ಅದನ್ನು ಹೊಗಳುವವರಾಗಲಿ ತೆಗಳುವವರಾಗಲಿ, ಒಂದೇ ತಪ್ಪನ್ನು ಮಾಡುತ್ತಾರೆ.

ಚಕ್ರವಿದ್ದರೂ ಅನುಕರಣ ಅಪೂರ್ಣವೇ ಅಲ್ಲವೆ ಎಂಬುದು ಎರಡನೆಯದು. ಅಪೂರ್ಣವೇ ಸರಿ. ನಿಜವಾದ ಕಾರಿನಲ್ಲಿ ಹಿಂಬದಿ ಜಾರುವುದನ್ನು ಚಾಲಕನ ಬೆನ್ನೂ ಸೊಂಟವೂ ಒಳಗಿವಿಯೂ ಅರಿಯುತ್ತವೆ. ಕುರ್ಚಿಯಲ್ಲಿ ಅಲುಗದೆ ಕುಳಿತವನಿಗೆ ಅವು ಮೌನ. ಭಯವಂತೂ ಇಲ್ಲವೇ ಇಲ್ಲ. ಆದರೂ ಈ ಅಪೂರ್ಣ ಅನುಕರಣ ನಿಷ್ಫಲವಲ್ಲ. ನಿಸಾನ್ ಮತ್ತು ಸೋನಿ ಸಂಸ್ಥೆಗಳು 2008ರಲ್ಲಿ ಆರಂಭಿಸಿದ ‘ಜಿಟಿ ಅಕಾಡೆಮಿ’ ಎಂಬ ಸ್ಪರ್ಧೆಯಲ್ಲಿ ಗೆದ್ದ ಸ್ಪೇನಿನ ಲೂಕಾಸ್ ಒರ್ಡೊನ್ಯೆಸ್ ಅವರು, 2011ರ ಲೆ ಮಾನ್ 24 ಗಂಟೆಗಳ ಪಂದ್ಯದಲ್ಲಿ ಎಲ್‌ಎಂಪಿ2 ವರ್ಗದ ಎರಡನೆಯ ಸ್ಥಾನವನ್ನು ತಮ್ಮ ತಂಡದೊಡನೆ ಪಡೆದರು. ಚಿತ್ರತುರಗದ ಬೆನ್ನಿನಿಂದ ಜೀವಂತ ತುರಗದ ಬೆನ್ನಿಗೆ ಏರಿದ ನಿದರ್ಶನವಿದು. ಆದರೆ ನಡುವೆ ನಿಜವಾದ ಕಾರಿನಲ್ಲಿ ಕಠಿನವಾದ ಶಿಕ್ಷಣವನ್ನು ಪಡೆದೇ ಅವರು ಅಲ್ಲಿಗೆ ಹೋದರೆಂಬುದನ್ನು ಮರೆಯಬಾರದು.

ಹೊಸ ಗೇಮ್‌ಪ್ಯಾಡುಗಳೇ ಸಾಕಲ್ಲವೆ ಎಂಬುದು ಮೂರನೆಯದು. 2020ರ ಪ್ಲೇಸ್ಟೇಷನ್ 5ರ ‘ಡ್ಯುಯಲ್‌ಸೆನ್ಸ್’ನಲ್ಲಿ ತೋರುಬೆರಳಿನ ಕೆಳಗಿನ ಟ್ರಿಗರುಗಳು ಬೇಕಾದಂತೆ ಬಿಗಿಯಾಗಬಲ್ಲವು, ‘ಗ್ರಾನ್ ಟುರಿಸ್ಮೊ 7’ರಲ್ಲಿ ಅವು ಬ್ರೇಕ್ ಪೆಡಲಿನ ಒತ್ತಡವನ್ನು ಬೆರಳಿಗೆ ತಿಳಿಸುತ್ತವೆ. ಇದು ಸ್ವಾಗತಾರ್ಹ. ಇದರಿಂದ ನಮ್ಮ ವಾದಕ್ಕೆ ಹಾನಿಯಿಲ್ಲ, ಬೆಂಬಲವೇ ಉಂಟು. ಬೆಲೆಯಿರುವುದು ಚಕ್ರದ ಆಕಾರಕ್ಕಲ್ಲ, ಪ್ರತಿಯಾಗಿ ಬರುವ ಬಲಕ್ಕೆ ಎಂಬುದನ್ನು ಅದು ಸ್ಥಾಪಿಸುತ್ತದೆ. ಆದರೆ ಸ್ಟಿಯರಿಂಗಿನ ಕೆಲಸ ಇಂದಿಗೂ ಮೂಕವಾದ ಆ ಪುಟ್ಟ ಸ್ಟಿಕ್ಕಿಗೇ ಉಳಿದಿದೆ.

ನಾಲ್ಕನೆಯದು ಎಲ್ಲಕ್ಕಿಂತ ಗಟ್ಟಿಯಾದುದು: ಚಕ್ರ ದುಬಾರಿ. ಒಳ್ಳೆಯ ಚಕ್ರದ ಬೆಲೆ ಕನ್ಸೋಲಿನ ಬೆಲೆಯನ್ನೇ ಮೀರಬಹುದು. ಅದನ್ನು ಬಿಗಿಯಲು ಅಲುಗದ ಮೇಜು ಬೇಕು. ಹಾಸ್ಟೆಲಿನ ಕೋಣೆಯಲ್ಲಿ ನಾಲ್ವರೊಡನೆ ಇರುವ ವಿದ್ಯಾರ್ಥಿಗೆ ಇದು ಎಲ್ಲಿಯ ಮಾತು? ಹಣವಿದ್ದವನಿಗೆ ಮಾತ್ರ ಕೃತಿ ಪೂರ್ಣವಾಗಿ ತೆರೆಯುತ್ತದೆ ಎಂಬುದು ಈ ಕಲೆಯ ನಿಜವಾದ ದೋಷ. ಅದನ್ನು ಮುಚ್ಚಿಡುವುದು ಸಲ್ಲದು. ಹಾಗೆಂದು ಗೇಮ್‌ಪ್ಯಾಡಿನ ಆಟಗಾರನನ್ನು ಕೀಳಾಗಿ ಕಾಣುವುದೂ ಸಲ್ಲದು. ‘ಫೋರ್ಝಾ’ದ ಹಿರಿಮೆ ಇರುವುದು ಇಲ್ಲಿಯೇ. ಬಹುಮಂದಿಯ ಕೈಯಲ್ಲಿರುವುದು ಗೇಮ್‌ಪ್ಯಾಡೆಂಬುದನ್ನು ಒಪ್ಪಿಕೊಂಡು, ತನ್ನ ಮಧ್ಯಸ್ಥನನ್ನು ಬಹಳ ಜಾಣನನ್ನಾಗಿ ಮಾಡಿದೆ ಅದು. ಬರಿಯ ಗೇಮ್‌ಪ್ಯಾಡ್ ಇರುವವನಿಗೆ ಅದನ್ನೇ ನಾವು ಮೊದಲು ಸೂಚಿಸುತ್ತೇವೆ. ಚಕ್ರ ದೊರೆತವನಿಗೆ, ಅದಕ್ಕೆಂದೇ ಬಹುಕಾಲ ದುಡಿದಿರುವ ‘ಗ್ರಾನ್ ಟುರಿಸ್ಮೊ’ ಹೆಚ್ಚು ಕಲಿಸುತ್ತದೆ.

5

ಪರೀಕ್ಷೆ, ಕಾಲವನ್ನು ಹಿಂದಿರುಗಿಸುವ ಗುಂಡಿ, ಚಕ್ರ ಈ ಮೂರೂ ತಪ್ಪಿನೊಡನೆ ವ್ಯವಹರಿಸುವ ಮೂರು ಬಗೆಗಳು. ಪರೀಕ್ಷೆ ತಪ್ಪನ್ನು ದಂಡಿಸುತ್ತದೆ. ಗುಂಡಿ ಅದನ್ನು ಅಳಿಸುತ್ತದೆ. ಚಕ್ರವು ತಪ್ಪು ನಡೆಯುವ ಮೊದಲೇ ಎಚ್ಚರಿಸುತ್ತದೆ. ಉಳಿದ ಉಪಕರಣಗಳಲ್ಲಿ ಕೈಯ ಕೆಲಸ ಮುಖ್ಯವಾಗಿ ಆಜ್ಞೆಮಾಡುವುದು; ಚಕ್ರದಲ್ಲಿ ಅದು ಕೇಳಿಸಿಕೊಳ್ಳುವುದನ್ನೂ ಕಲಿಯುತ್ತದೆ. ಕಡಿವಾಣವು ಸವಾರನ ಇಚ್ಛೆಯನ್ನು ಕುದುರೆಗೆ ಮುಟ್ಟಿಸುವಂತೆಯೇ ಕುದುರೆಯ ಬಾಯಿಯ ಬಿಗುವನ್ನು ಸವಾರನಿಗೂ ಮುಟ್ಟಿಸುತ್ತದೆಯಷ್ಟೆ. ಚಿತ್ರದ ಕುದುರೆಗೆ ಇಂಥದೊಂದು ಕಡಿವಾಣ ಒದಗಿದೆ ಎಂಬುದೇ ಈ ಚಕ್ರದ ಬೆಲೆ.

ಆದುದರಿಂದ ಇಂಥ ಕೃತಿಗಳನ್ನು ಕುರಿತು ಬರೆಯುವವರು ತಾವು ಯಾವ ಉಪಕರಣವನ್ನು ಹಿಡಿದು ಆಡಿದೆವೆಂಬುದನ್ನು ಮೊದಲ ವಾಕ್ಯದಲ್ಲಿಯೇ ಹೇಳತಕ್ಕದ್ದು. ಗ್ರಂಥಸಂಪಾದಕನು ತಾನು ನೋಡಿದ ಓಲೆಯ ಪ್ರತಿಗಳನ್ನು ಪೀಠಿಕೆಯಲ್ಲಿ ಹೆಸರಿಸುವುದು ಎಷ್ಟು ಅವಶ್ಯವೋ ಇದೂ ಅಷ್ಟೇ ಅವಶ್ಯ. ಹಾಗೆ ಹೇಳದೆ ಕೊಟ್ಟ ತೀರ್ಪು ಕೃತಿಯನ್ನು ಕುರಿತದ್ದೋ, ಮಧ್ಯಸ್ಥನನ್ನು ಕುರಿತದ್ದೋ ಓದುಗನಿಗೆ ತಿಳಿಯಲಾರದು.