ನೆನಪು, ಗುರುತು, ಸಾಕ್ಷಿ: ‘ನಾಯಿ ನೆರಳು’ ಕಾದಂಬರಿಯನ್ನು ಕುರಿತು

ಬಾದಾಮಿಗೆ ಸಮೀಪದ ಮಹಾಕೂಟದಲ್ಲಿ, ಮಹಾಕೂಟೇಶ್ವರ ದೇಗುಲದ ಮುಖಮಂಟಪದ ಕಂಬವೊಂದರ ಮೇಲೆ ಹಳಗನ್ನಡದ ಚಿಕ್ಕ ಶಾಸನವೊಂದಿದೆ. ಚಾಲುಕ್ಯ ವಿಜಯಾದಿತ್ಯನ (ಕ್ರಿ. ಶ. 696–733) ಪ್ರಾಣವಲ್ಲಭೆಯಾದ ವೀನಾಪೋಟಿಯು ಅಲ್ಲಿ ಹಿರಣ್ಯಗರ್ಭದಾನವನ್ನು ಮಾಡಿ, ದೇವರಿಗೆ ಬೆಳ್ಳಿಯ ಕೊಡೆಯನ್ನೇರಿಸಿ, ಭೂಮಿಯನ್ನು ಬಿಟ್ಟಳೆಂಬುದು ಅದರ ವಿಷಯ. ದಾನಕ್ಕಿಂತ ಮಿಗಿಲಾಗಿ ನಮ್ಮ ಗಮನವನ್ನು ಸೆಳೆಯುವುದು ಆಕೆ ತನ್ನ ಗುರುತನ್ನು ಹೇಳಿಕೊಂಡಿರುವ ಕ್ರಮ. ತಂದೆಯ ಹೆಸರಿಲ್ಲ, ಅಜ್ಜಿ ರೇವಮಂಚಳೆ, ಆಕೆಯ ಮಗಳು ಕುಚ್ಚಿಪೋಟಿ, ಆಕೆಯ ಮಗಳು ವೀನಾಪೋಟಿ ಎಂದು ಮೂರು ತಲೆಗಳ ಹೆಣ್ಣು ಸಂತತಿಯಿದೆ. ತನ್ನನ್ನು ಬಲ್ಲವರಾರೂ ಉಳಿಯದ ಕಾಲದಲ್ಲಿ ತಾನಾರೆಂಬುದಕ್ಕೆ ಕಲ್ಲೇ ಸಾಕ್ಷಿ.

ಮನುಷ್ಯನು ‘ಇವನೇ ಅವನು’ ಎನ್ನಲು ಆಧಾರವೇನು? ದೇಹವಲ್ಲ, ನೆನಪಿನ ಅವಿಚ್ಛಿನ್ನತೆಯೇ ಎಂದು ಹದಿನೇಳನೆಯ ಶತಮಾನದ ತತ್ತ್ವಜ್ಞ ಜಾನ್ ಲಾಕ್ ವಾದಿಸಿದನು. ಕಾಳಿದಾಸನ ಶಾಕುಂತಲದಲ್ಲಿ ದುಷ್ಯಂತನ ನೆನಪು ಅಳಿದಾಗ ಶಕುಂತಲೆಯ ಪತ್ನೀತ್ವವೇ ಅಳಿಯುತ್ತದೆ. ಅದನ್ನು ಮರಳಿಸಲು ಉಂಗುರವೊಂದು ಬೇಕಾಗುತ್ತದೆ. ಮರೆತವನು ಗಂಡು, ಮರೆವಿನ ಫಲವನ್ನುಂಡವಳು ಹೆಣ್ಣು ಎಂಬುದನ್ನು ಇಲ್ಲಿ ಗಮನಿಸಬೇಕು.

ಎಸ್. ಎಲ್. ಭೈರಪ್ಪನವರ ‘ನಾಯಿ ನೆರಳು’ (1968) ಈ ಸಮಸ್ಯೆಯನ್ನು ತಲೆಕೆಳಗು ಮಾಡಿ ನೋಡುತ್ತದೆ. ಇಲ್ಲಿ ಅಳಿದುದು ದೇಹ, ಉಳಿದುದು ನೆನಪು. ತೀರಿಹೋದ ವಿಶ್ವನೇ ತಾನೆಂದು ಬೇರೆ ಮನೆಯಲ್ಲಿ ಹುಟ್ಟಿದ ತರುಣ ಕ್ಷೇತ್ರಪಾಲನು ಬರುತ್ತಾನೆ. ಹಿಂದಿನ ಜನ್ಮದ ನೆನಪು ತುಂಬಿಬಂದಷ್ಟೂ ಈ ಜನ್ಮದ ಸಂಬಂಧಗಳು ಅವನಿಂದ ಜಾರುತ್ತವೆ. ಆದುದರಿಂದ ಇದನ್ನು ಸ್ಮೃತಿಯ ಕಥೆಯೆನ್ನುವಂತೆಯೇ ವಿಸ್ಮೃತಿಯ ಕಥೆಯೆಂದೂ ಕರೆಯಬಹುದು.

ಪುನರ್ಜನ್ಮವು ನಿಜವೋ ಅಲ್ಲವೋ ಎಂಬ ಚರ್ಚೆಯಲ್ಲಿಯೇ ವಿಮರ್ಶೆಯು ನಿಂತರೆ ಕೃತಿಯ ತಿರುಳು ಕೈತಪ್ಪುತ್ತದೆ. ಕ್ಷೇತ್ರಪಾಲನ ನೆನಪನ್ನು ತೂಗುವವರಲ್ಲಿ ನಿರ್ಲಿಪ್ತರು ಯಾರೂ ಇಲ್ಲ. ಮಗನನ್ನು ಕಳೆದುಕೊಂಡ ಮನೆಗೆ ಮಗನು ಬೇಕು. ತನ್ನದೇ ವಯಸ್ಸಿನ ತರುಣನನ್ನು ತಂದೆಯೆನ್ನುವುದು ಸಂತಾನಕ್ಕೆ ಅಸಹ್ಯ. ಇವರ ನಡುವೆ ನಿಂತವಳು ವಿಧವೆ. ಅವನ ಮಾತು ನಿಜವಾದರೆ ಅವಳು ಮುತ್ತೈದೆ, ಸುಳ್ಳಾದರೆ ಪತಿತೆ. ನೆನಪು ಅವನದು, ಅದರ ಋಣವನ್ನು ತೀರಿಸಬೇಕಾದವಳು ಇವಳು. ಅವಳಿಗೆ ಏನು ನೆನಪಿದೆ, ಏನು ಬೇಕು ಎಂದು ಕೇಳುವವರಿಲ್ಲ. ಗುರುತೆಂಬುದು ಒಬ್ಬನ ಅಂತರಂಗದ ಸಂಗತಿಯಷ್ಟೇ ಅಲ್ಲ, ಇತರರು ಒಪ್ಪಿ ಕೊಡುವ ಸ್ಥಾನವೂ ಹೌದೆಂಬ ಸತ್ಯವನ್ನು ಈ ಸನ್ನಿವೇಶವು ತೋರಿಸಿಕೊಡುತ್ತದೆ.

ಆದರೆ ಜನ್ಮಾಂತರದ ಒಗಟಿಗೆ ಸಂದಿರುವಷ್ಟು ಅವಕಾಶವು ಆ ವಿಧವೆಯ ಮನಸ್ಸಿಗೆ ಕಾದಂಬರಿಯಲ್ಲಿ ಸಂದಿಲ್ಲವೆಂಬುದು ನಮ್ಮ ಅಭಿಪ್ರಾಯ. ಗಿರೀಶ ಕಾಸರವಳ್ಳಿಯವರು 2006ರಲ್ಲಿ ಇದನ್ನು ಚಲನಚಿತ್ರವಾಗಿಸಿದಾಗ ದೃಷ್ಟಿಕೇಂದ್ರವನ್ನು ಅವಳತ್ತ ಸರಿಸಿದುದು ಈ ಕೊರತೆಗೆ ದೊರೆತ ಸಮರ್ಥವಾದ ಉತ್ತರ. ಅಲ್ಲಿ ಬಂದವನು ವಿಶ್ವನೇ ಎಂಬ ಪ್ರಶ್ನೆಗಿಂತ, ವೈಧವ್ಯದ ಕಟ್ಟಿನಿಂದ ಬಿಡಿಸಿಕೊಳ್ಳಲು ಅವಳಿಗೆ ದೊರೆತ ದಾರಿಯು ಮುಖ್ಯವಾಗುತ್ತದೆ. ಆದರೂ ಸಂದೇಹವನ್ನು ಕೊನೆಯವರೆಗೆ ಹೊತ್ತು ನಡೆಯುವ ಎದೆಗಾರಿಕೆ ಮೂಲಕೃತಿಯದೇ. ಆ ಸಂದೇಹವಿಲ್ಲದೆ ಚಿತ್ರದ ದೃಷ್ಟಿಯೂ ಸಾಧ್ಯವಾಗುತ್ತಿರಲಿಲ್ಲ.

ಮಹಾಕೂಟದಲ್ಲಿದ್ದ ಮಂಗಳೇಶನ ಧರ್ಮಜಯಸ್ತಂಭವು ಇಂದು ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಸ್ಥಾನವು ಬದಲಾದರೂ ಬರೆಹವು ಬದಲಾಗಿಲ್ಲ. ಅದನ್ನು ನಾವು ಮಹಾಕೂಟದ ಕಂಬವೆಂದೇ ಗುರುತಿಸುತ್ತೇವೆ. ಕಲ್ಲಿಗೆ ಸ್ವಾರ್ಥವಿಲ್ಲ. ಮನುಷ್ಯನ ನೆನಪಾದರೋ ಬಯಕೆಯೊಡನೆ ಬೆರೆತೇ ಬರುವುದು. ವೀನಾಪೋಟಿಯು ತಾನಾರೆಂಬುದನ್ನು ತಾನೇ ಬರೆಯಿಸಿದಳು. ‘ನಾಯಿ ನೆರಳಿ’ನ ವಿಧವೆ ಯಾರೆಂಬುದನ್ನು ಅನ್ಯರ ನೆನಪುಗಳು ನಿರ್ಣಯಿಸಿದುವು. ಈ ಅಂತರವನ್ನು ಮನಗಂಡು ಓದಿದಲ್ಲಿ, ಕಾದಂಬರಿಯು ಜನ್ಮಾಂತರದ ಕೌತುಕವಾಗಿ ಉಳಿಯದೆ, ನಮ್ಮ ಸಮಾಜದ ನ್ಯಾಯಾನ್ಯಾಯಗಳ ವಿಚಾರಣೆಯಾಗಿ ತೋರುವುದೆಂದು ನಾವು ಭಾವಿಸುತ್ತೇವೆ.