ಡೊಳ್ಳಿನ ಹದ, ಹಲಗಿಯ ಕಾವು

ಬೀರಪ್ಪನ ಜಾತ್ರೆ ಬಂತೆಂದರೆ ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯಲ್ಲಿ ಡೊಳ್ಳು ಗೂಡಿನಿಂದ ಇಳಿಯುತ್ತದೆ. ಗಡಿಯಾಚೆ ಕೊಲ್ಹಾಪುರ ಜಿಲ್ಲೆಯ ಪಟ್ಟಣಕೋಡೋಲಿಯ ವಿಠ್ಠಲ ಬೀರದೇವ ಜಾತ್ರೆಯಲ್ಲೂ ತೂರುವ ಭಂಡಾರದ ಅರಿಶಿನದ ನಡುವೆ ಮೊಳಗುವುದು ಇದೇ ಕುಲದ ವಾದ್ಯ.

ಬಾರಿಸುವುದಕ್ಕಿಂತ ಮೊದಲಿನ ಕೆಲಸವೇ ಸೊಗಸು. ಡೊಳ್ಳಿನ ಎರಡೂ ಬಾಯಿಯ ಚರ್ಮವನ್ನು ಒಂದೇ ಹಗ್ಗ ಹಿಡಿದಿರುತ್ತದೆ. ಒಂದು ಕಡೆ ಹೆಚ್ಚು ಎಳೆದರೆ ಚರ್ಮ ಓರೆಯಾಗಿ ದನಿ ಒಡೆಯುತ್ತದೆ. ಅದಕ್ಕೇ ಬಲ್ಲವರು ಸುತ್ತಲೂ ಸ್ವಲ್ಪಸ್ವಲ್ಪವೇ ಬಿಗಿಯುತ್ತ, ಅಂಚಿನಲ್ಲಿ ಬೆರಳು ತಟ್ಟಿ ಎಲ್ಲೆಡೆ ಒಂದೇ ನಾದ ಬರುವವರೆಗೆ ಕಿವಿಗೊಟ್ಟು ಕೂರುತ್ತಾರೆ. ಕೋಲು ಬೀಳುವ ಬದಿ ಗಟ್ಟಿಯಾಗಿ ಮೊಳಗಬೇಕು, ಅಂಗೈ ಬೀಳುವ ಬದಿ ಗುಂಯ್‌ಗುಡಬೇಕು.

ಡೊಳ್ಳಿಗೆ ಹಗ್ಗವಾದರೆ, ಇಲ್ಲಿನ ಇನ್ನೊಂದು ಚರ್ಮವಾದ್ಯ ಹಲಗಿಗೆ ಬೆಂಕಿಯೇ ಬೇಕು. ಕೃಷ್ಣೆ, ದೂಧಗಂಗೆ, ವೇದಗಂಗೆಯರ ಈ ನಾಡಿನಲ್ಲಿ ಮಳೆಗಾಲದ ತೇವ ಕುಡಿದ ಚರ್ಮ ಸಡಿಲಗೊಂಡು ಮಂಕಾಗುತ್ತದೆ. ಹುಲ್ಲು, ಕಾಗದ ಉರಿಸಿ ಕಾಸಿದರೆ ತೇವ ಆರಿ, ಚರ್ಮ ಬಿಗಿದು, ದನಿ ಮೇಲೇರುತ್ತದೆ. ಅತಿಯಾದರೆ ಹರಿದೇಹೋಗುತ್ತದೆ. ಆ ಅಳತೆ ಗೊತ್ತಿರುವುದು ಅಂಗೈಗೆ.

ಚರ್ಮವನ್ನೇ ಬಿಟ್ಟ ದಾರಿಯೂ ಇದೆ: ಅಮೆರಿಕದಲ್ಲಿ ರೆಮೊ ಬೆಲ್ಲಿ 1957ರಲ್ಲಿ ಪಾಲಿಯೆಸ್ಟರ್ ಹಾಳೆಯ ಡ್ರಮ್ ಮುಚ್ಚಿಗೆಗಳ ಕಂಪನಿ ಕಟ್ಟಿದರು. ಮೆರವಣಿಗೆಯ ಸ್ನೇರ್ ಡ್ರಮ್ಮಿಗೆ ಈಗ ಗುಂಡುನಿರೋಧಕ ಕವಚದಲ್ಲಿ ಬಳಸುವ ಕೆವ್ಲರ್ ನೂಲಿನ ಮುಚ್ಚಿಗೆಯೂ ಇದೆ. ಭಾರೀ ಬಿಗಿತ ತಾಳುತ್ತದೆ, ಪೆಟ್ಟು ಚುರುಕಾಗಿ ಸಿಡಿಯುತ್ತದೆ.

ನಮ್ಮಲ್ಲೂ ಫೈಬರ್ ಹಲಗಿ ಬಂದಿದೆ. ಅದು ಮಳೆಗೆ ಅಂಜುವುದಿಲ್ಲ, ಕಾಸುವ ಗೊಡವೆಯಿಲ್ಲ. ಹೋಳಿಯಲ್ಲಿ ಹಲಗಿ ಬಾರಿಸುವ ಹುಡುಗರಿಗೆ ನಿಜಕ್ಕೂ ಅನುಕೂಲ. ಆದರೆ ಡೊಳ್ಳಿನ ಪದದ ಸವಾಲ್-ಜವಾಬಿನಲ್ಲಿ ಹಾಡುಗಾರನ ದನಿಯ ಕೆಳಗೆ ನಿಲ್ಲುವ ಆ ಆಳದ ಗುಂಗು ಚರ್ಮದ್ದೇ.