ಬಣ್ಣ ತುಂಬಿದ ರಾಜ್ಯಗಳು

ಕರ್ಣಾಟಕದ ಪ್ರಾಚೀನ ರಾಜ್ಯಗಳನ್ನು ಭೂಪಟದಲ್ಲಿ ತೋರಿಸುವ ಸಂಪ್ರದಾಯವು ನಮ್ಮಲ್ಲಿ ಶಾಸನಸಂಶೋಧನೆಯ ಬೆನ್ನಿಗೇ ಬೆಳೆದುಬಂದಿತಾದರೂ, ಅದು ಶಾಸನಗಳಿಂದ ಕಲಿತುದು ಅಲ್ಪ, ಪಾಶ್ಚಾತ್ಯ ಪಠ್ಯಪುಸ್ತಕಗಳಿಂದ ಕಡ ತಂದುದೇ ಅಧಿಕ. ಗಂಗರಿಗೊಂದು ಬಣ್ಣ, ನೊಳಂಬರಿಗೊಂದು, ಹೊಯ್ಸಳರಿಗೊಂದು. ನಡುವೆ ಎಲ್ಲಿಯೂ ಮುರಿಯದ ಗಡಿರೇಖೆ.

ಈ ಪದ್ಧತಿಯನ್ನು ಒರೆಗೆ ಹಚ್ಚಲು ತರೀಕೆರೆಯ ಸೀಮೆಯಷ್ಟು ಅನುಕೂಲವಾದ ನೆಲ ವಿರಳ. ದಕ್ಷಿಣಕ್ಕೆ ಗಂಗವಾಡಿ 96000, ಪೂರ್ವೋತ್ತರಕ್ಕೆ ನೊಳಂಬವಾಡಿ 32000, ವಾಯವ್ಯಕ್ಕೆ ಬನವಾಸಿ 12000, ಪಶ್ಚಿಮದ ಮಲೆನಾಡಿನಲ್ಲಿ ಸಾಂತರ ಸಾಂತಳಿಗೆ 1000: ಇವೆಲ್ಲ ಪರಸ್ಪರ ಸಮೀಪಿಸುವ ಪ್ರದೇಶವಿದು. ಈ ಅಂಕೆಗಳು ಗ್ರಾಮಗಳ ಎಣಿಕೆಯೋ ಆದಾಯದ ಪ್ರಮಾಣವೋ ಎಂಬ ವಾದ ಇಂದಿಗೂ ಮುಗಿದಿಲ್ಲ. ಆದರೆ ಇವು ಗಡಿಯನ್ನು ಹೇಳುವುದಿಲ್ಲವೆಂಬುದು ನಿರ್ವಿವಾದ. ಇಂಗ್ಲೆಂಡಿನಲ್ಲಿಯೂ ಸ್ಥಿತಿ ಬೇರೆಯಾಗಿರಲಿಲ್ಲ. ಅಲ್ಲಿನ ಆಂಗ್ಲೋ-ಸ್ಯಾಕ್ಸನ್ ಕಾಲದ ‘ಟ್ರೈಬಲ್ ಹೈಡೇಜ್’ ಎಂಬ ಪಟ್ಟಿಯು (ಹೈಡು ಎಂದರೆ ನೆಲದ ಒಂದು ಅಳತೆ) ಮರ್ಸಿಯಕ್ಕೆ 30000 ಹೈಡುಗಳನ್ನೂ ವೆಸೆಕ್ಸಿಗೆ 100000 ಹೈಡುಗಳನ್ನೂ ಲೆಕ್ಕ ಹಾಕಿ, ಅದೇ ಉಸಿರಿನಲ್ಲಿ ಕೇವಲ 300 ಹೈಡುಗಳ ಪುಟ್ಟ ಜನಸಮುದಾಯಗಳನ್ನೂ ಹೆಸರಿಸುತ್ತದೆ. ಎಲ್ಲೆಯ ಮಾತನ್ನೇ ಎತ್ತುವುದಿಲ್ಲ. ಹೀಗಿದ್ದೂ 17ನೆಯ ಶತಮಾನದ ಆರಂಭದಲ್ಲಿ ಪಟಕಾರ ಜಾನ್ ಸ್ಪೀಡ್ ಆಂಗ್ಲೋ-ಸ್ಯಾಕ್ಸನರ ಸಪ್ತರಾಜ್ಯಗಳನ್ನು ಅಚ್ಚುಕಟ್ಟಾಗಿ ವಿಭಾಗಿಸಿ ತೋರಿಸಿದ. ಆ ಏಳರ ಮೋಹವು ಅಲ್ಲಿನ ಶಾಲೆಗಳನ್ನು ಶತಮಾನಗಳ ಕಾಲ ಆಳಿತು.

ನಮ್ಮ ಪರಂಪರೆಯ ಮೂಲಪುರುಷರಾದ ಬಿ. ಎಲ್. ರೈಸರ ಋಣ ತೀರುವಂಥದಲ್ಲ. ಆಗಿನ ಕಡೂರು ಜಿಲ್ಲೆಯ ಶಾಸನಗಳನ್ನು 1901ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟವಾಗಿ ಹೊರತಂದ ಆ ಪರಿಶ್ರಮವಿಲ್ಲದಿದ್ದರೆ ಇಂದು ಚರ್ಚೆಗೆ ಆಧಾರವೇ ಇರುತ್ತಿರಲಿಲ್ಲ. ಆದರೆ ಅವರು ಶಾಸನಗಳನ್ನು ಜೋಡಿಸಿದ್ದು ತಮ್ಮ ಕಾಲದ ತಾಲ್ಲೂಕುಗಳ ಕ್ರಮದಲ್ಲಿ. ಹೊಯ್ಸಳರ ಸಾಮಂತರಾದ ಗಂಗವಂಶೀಯರು ಆಳಿದ ಆಸಂದಿ ಕಡೂರಿನ ಲೆಕ್ಕಕ್ಕೆ ಹೋಯಿತು, ಅಮೃತಾಪುರ ತರೀಕೆರೆಯ ಲೆಕ್ಕಕ್ಕೆ ಬಂದಿತು. ಪ್ರಾಚೀನ ನಾಡು ಅಮಲ್ದಾರನ ಎಲ್ಲೆಯಲ್ಲಿ ಸೀಳಿಹೋಯಿತು. ಅಜ್ಜಂಪುರವೂ ಪ್ರತ್ಯೇಕ ತಾಲ್ಲೂಕಾಗಿರುವ ಈ ಕಾಲದಲ್ಲಿ ಆ ವಿಳಾಸಗಳೂ ಹಳತಾಗಿವೆ.

ಇದಕ್ಕಿಂತ ಗುರುತರವಾದ ದೋಷವೆಂದರೆ ನಮ್ಮ ಪಟಕಾರರು ಬಿರುದನ್ನು ಭೂಮಿಯೆಂದು ಭ್ರಮಿಸಿದುದು. ಹೊಯ್ಸಳ ವಿಷ್ಣುವರ್ಧನನು ‘ತಲಕಾಡುಗೊಂಡ’ನಾದಂತೆ ‘ನೊಳಂಬವಾಡಿಗೊಂಡ’ನೂ ಆದನು. ಆದರೆ ಅದೇ ನೊಳಂಬವಾಡಿ 32000ವನ್ನು ಚಾಲುಕ್ಯರ ಮಾಂಡಲಿಕರಾದ ಉಚ್ಚಂಗಿಯ ಪಾಂಡ್ಯರು ತಾವು ಆಳುತ್ತಿರುವುದಾಗಿ ಕಲ್ಲಿನಲ್ಲಿ ಬರೆಸುತ್ತಲೇ ಇದ್ದರು. ಉಚ್ಚಂಗಿಯ ಕೋಟೆ ಹೊಯ್ಸಳರಿಗೆ ಮಣಿದುದು ವಿಷ್ಣುವರ್ಧನನ ಮೊಮ್ಮಗನಾದ ವೀರಬಲ್ಲಾಳನ ಕಾಲಕ್ಕೆ. ಪಟಕಾರನು ಈ ನಡುಗಾಲದಲ್ಲಿ ಯಾವ ಬಣ್ಣ ಬಳಿಯಬೇಕು? ಹೊಯ್ಸಳಾಭಿಮಾನಿಗಳು ತಮ್ಮದನ್ನೇ ಬಳಿದರು. (ಅಭಿಮಾನಕ್ಕೆ ಕುಂಚ ಸಿಕ್ಕರೆ ಎಲ್ಲೆಗಳು ತಾವಾಗಿ ಹಿಗ್ಗುತ್ತವೆ.)

1196ರಲ್ಲಿ ಅಮೃತೇಶ್ವರ ದಂಡನಾಯಕನು ಅಮೃತಾಪುರದಲ್ಲಿ ಎತ್ತಿಸಿದ ದೇವಾಲಯವಾದರೋ ಬೇರೊಂದು ಬಗೆಯ ಸಾಕ್ಷಿ. ಜನ್ನಕವಿ ರಚಿಸಿದ ಅಲ್ಲಿನ ಶಾಸನವೂ ರಾಜನನ್ನು ಹೊಗಳುತ್ತದೆ, ನಿಜ. ಆದರೆ ಈ ವರ್ಷ, ಈ ಸ್ಥಳದಲ್ಲಿ, ವೀರಬಲ್ಲಾಳನ ಹೆಸರಿನಲ್ಲಿ, ಇಂಥ ಅಧಿಕಾರಿಯ ಆಜ್ಞೆ ನಡೆಯಿತೆಂಬುದು ಅಲ್ಲಿ ಸಂಶಯಾತೀತ. ಪಟದಲ್ಲಿ ಇಡಲು ಅರ್ಹವಾದುದು ಇಂಥ ಬಿಂದು. ಕಲ್ಲು ನಿಂತ ಊರಿಗೆ ಒಂದು ಚುಕ್ಕೆ, ಪಕ್ಕದಲ್ಲಿ ಶಕವರ್ಷ, ಪ್ರಭುವಿನ ಹೆಸರು, ಶಾಸನವೇ ಹೇಳುವ ನಾಡಿನ ಹೆಸರು. ಸಾಕ್ಷ್ಯವಿಲ್ಲದೆಡೆ ಕಾಗದ ಬಿಳಿಯಾಗಿಯೇ ಉಳಿಯಲಿ. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕುಗಳ ಅಧ್ಯಾಪಕರು ರೈಸರ ಸಂಪುಟವನ್ನು ಕೈಯಲ್ಲಿ ಹಿಡಿದು ಹೊರಟರೆ ಅಂಥ ಪಟದ ಮೊದಲ ಹಾಳೆಯನ್ನು ಇಲ್ಲಿಯೇ ಸಿದ್ಧಪಡಿಸಬಹುದು.